ಕಿಟಕಿಯ ಕದದ ಒಳಮೈ

ಅಗಸೆ ಹುರಿಯುವ ವಾಸನೆ ಗದಗಿನ ಕಡೆಯವರಿಗೆ ರೊಟ್ಟಿಯನ್ನು ನೆನಪಿಸುತ್ತದೆ, ನನಗೆ ಇಂಗ್ಲೆಂಡಿನ ಒಂದು ಕಿಟಕಿಯನ್ನು. ನಾವು ಈಗಿರುವ ಕ್ಯಾಂಪ್‌ಬೆಲ್ ಊರಿನ ಅಪಾರ್ಟ್‌ಮೆಂಟಿನಲ್ಲಿ ಅವ್ವ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಗೆಂದು ಬಾಣಲೆ ಇಟ್ಟರೆ ಸಾಕು, ಸ್ಮೋಕ್ ಅಲಾರಮ್ಮು ಕೂಗುವ ಮೊದಲೇ ನಾನು ಆ ಕಿಟಕಿಯಿದ್ದ ಮನೆಯಲ್ಲಿರುತ್ತೇನೆ. ಅಲ್ಲಿ ಗಾಜು ಕೂರಿಸಿದ್ದು ಅಗಸೆ ಎಣ್ಣೆಯಲ್ಲಿ ಕಲಸಿದ ಪುಟ್ಟಿಯಿಂದ. ಅಪರೂಪಕ್ಕೆ ಬಿಸಿಲು ಬಿದ್ದ ದಿನ ಗಾಜಿನ ಅಂಚಿನಿಂದ ಇದಕ್ಕೆ ಹತ್ತಿರದ ವಾಸನೆಯೇ ಬರುತ್ತಿತ್ತು. ಅವ್ವ ಅಲ್ಲಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದಳು. ಆ ಊರಿನಲ್ಲಿ ಅವಳಿಗೆ ಸಿಕ್ಕಿದ ತವರಿನ ವಾಸನೆ ಅದೊಂದೇ.

ನಾನು ಚಿಕ್ಕವಳಿದ್ದಾಗ ಅಪ್ಪ ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರು. ಹಳೆಯ ಸಂತೆಯೂರು ಅದು. ಅಕ್ಕಪಕ್ಕದ ಮನೆಗಳಿಗೆ ಭುಜ ತಾಗಿಸಿ ನಿಂತ ಕೆಂಪು ಇಟ್ಟಿಗೆಯ ಮನೆಯ ನಡುವಿನ ಅಂತಸ್ತು ನಮಗೆ ಬಾಡಿಗೆಗೆ ಸಿಕ್ಕಿತ್ತು. ಬಾಗಿಲ ಮೇಲೆ ಬೀಸಣಿಗೆಯಂತೆ ಬಿಚ್ಚಿಕೊಂಡ ಅರ್ಧವೃತ್ತದ ಗಾಜು. ನಮ್ಮ ಅಂತಸ್ತಿನ ಕಿಟಕಿಗಳು ಆಳೆತ್ತರ, ಅದರ ಮೇಲಿನವು ಗಿಡ್ಡ, ಮಾಡಿನ ಕೆಳಗಿನವು ಇನ್ನೂ ಗಿಡ್ಡ. ಯಜಮಾನರು ಎಲ್ಲಿದ್ದರು, ಆಳುಗಳು ಎಲ್ಲಿ ಮಲಗುತ್ತಿದ್ದರು ಎಂಬುದನ್ನು ಬೀದಿಯಲ್ಲಿ ನಿಂತು ಕಿಟಕಿ ನೋಡಿಯೇ ಹೇಳಬಹುದಿತ್ತು. ಆ ಗತ್ತೆಲ್ಲ ಮುಂದಿನ ಗೋಡೆಯದು ಮಾತ್ರ. ಇಟ್ಟಿಗೆಯ ಮುಖವನ್ನು ಯಾರೋ ಆಮೇಲೆ ಕಟ್ಟಿಸಿದ್ದರು, ಅದರ ಹಿಂದೆ ಇನ್ನೂ ಹಳೆಯ, ತೊಲೆಗಳೆಲ್ಲ ಸೊಟ್ಟಗಾದ ಮರದ ಮನೆ. "ಮುಖಕ್ಕ ಪೌಡರ್ ಬಡಕೊಂಡ ಮುದುಕಿ," ಎಂದು ಅಪ್ಪ ನಗುತ್ತಿದ್ದ. ನಾನೂ ತಂಗಿ ಸುಮಿಯೂ ನೆಲದ ಮೇಲೆ ಗೋಲಿ ಇಟ್ಟರೆ ಅದು ತಾನಾಗಿಯೇ ಉರುಳಿ ಹಿತ್ತಿಲ ಕಡೆಯ ಗೋಡೆ ಸೇರುತ್ತಿತ್ತು.

ಆ ದೊಡ್ಡ ಕಿಟಕಿಗಳಿಗೆ ಒಳಗಡೆ ಮರದ ಮಡಚು ಕದಗಳಿದ್ದವು. ಸಂಜೆ ಎಳೆದರೆ ಕಿಟಕಿ ಮುಚ್ಚುತ್ತಿತ್ತು, ಬೆಳಗ್ಗೆ ಮಡಚಿದರೆ ಕದಗಳು ಗೋಡೆಯೊಳಗಿನ ಗೂಡಿಗೆ ಸೇರಿ ಕಾಣದಾಗುತ್ತಿದ್ದವು. ಒಂದು ಯುಗಾದಿಯಂದು ಎಣ್ಣೆ ನೀರು ಮುಗಿಸಿ ಬಂದ ನಮ್ಮ ಎತ್ತರ ಗುರುತು ಮಾಡಲು ಅಪ್ಪ ಪೆನ್ಸಿಲ್ ಹಿಡಿದ. ಅವ್ವ ಅಡ್ಡ ಬಂದಳು. "ಮಕ್ಕಳನ್ನ ಅಳೀಬಾರದ್ರಿ, ದೃಷ್ಟಿ ಆಗ್ತದ." ಅಪ್ಪ ಒಂದು ದಾರಿ ಹುಡುಕಿದ. "ಗ್ವಾಡಿ ಒಳಗ ಹೋಗೂ ಕದಕ್ಕ ಬರೀತೀನಿ ಬಿಡು. ಅಲ್ಲಿ ಯಾರ ಕಣ್ಣು ಬೀಳ್ತದ?" ಅಂದಿನಿಂದ ಪ್ರತಿ ಯುಗಾದಿಗೂ ಒಳಮಡಿಕೆಯ ಬಿಳಿ ಬಣ್ಣದ ಮೇಲೆ ನನ್ನದೊಂದು ಗೀಟು, ಸುಮಿಯದೊಂದು ಗೀಟು. ಅವಳು ಹಿಮ್ಮಡಿ ಎತ್ತಿ ಮೋಸ ಮಾಡುತ್ತಿದ್ದಳು, ಅವ್ವ ಅವಳ ಪಾದ ಒತ್ತಿ ಹಿಡಿಯುತ್ತಿದ್ದಳು.

ಒಂದು ಚಳಿಗಾಲದ ಜ್ವರ ಸುಮಿಯನ್ನು ಕರೆದೊಯ್ದಿತು. ಮನೆಯಲ್ಲೇ ಡಾಕ್ಟರಿದ್ದರೂ ಏನೂ ಮಾಡಲಾಗಲಿಲ್ಲ. ಅಪ್ಪ ಆ ಕದವನ್ನು ಗೂಡಿಗೆ ತಳ್ಳಿದ, ಮತ್ತೆ ಯಾರೂ ಎಳೆಯಲಿಲ್ಲ. ಮುಂದಿನ ಯುಗಾದಿಯೊಳಗೆ ನಾವು ಆ ಮನೆ ಬಿಟ್ಟಿದ್ದೆವು. ಈಗ ಅಪ್ಪನೂ ಇಲ್ಲ. ನೀವು ಕಳೆದುಕೊಂಡವರ ಫೋಟೋ ನಿಮ್ಮ ಮನೆಯಲ್ಲೂ ಇರುತ್ತದೆ, ಅದರಲ್ಲಿ ನಗು ಸಿಗುತ್ತದೆ. ನಿಮ್ಮ ಸೊಂಟಕ್ಕೆ ಬರುತ್ತಿದ್ದರೋ ಎದೆಗೋ ಎಂಬುದು ಮಾತ್ರ ಸಿಗುವುದಿಲ್ಲ.

ಕಳೆದ ವರ್ಷ ಅವ್ವ ಹಟ ಹಿಡಿದಳು. "ಆ ಕದಾ ಎಳದು ಒಂದ್ ಫೋಟೋ ಕಳಸ್ರಿ ಅಂತ ಕೇಳವಾ. ಅಕಿ ಎಷ್ಟಿದ್ಲು ಅಂತ ಒಮ್ಮೆ ನೋಡ್ತೀನಿ." ಹುಡುಕಿದರೆ ಆ ಮನೆಯದೇ ಒಂದು ವೆಬ್‌ಸೈಟು ಇತ್ತು. ಕಟ್ಟಿಸಿದ ವರ್ತಕನ ಹೆಸರಿತ್ತು, ಮೆಟ್ಟಿಲ ಕೈಹಿಡಿ ಕೆತ್ತಿದ ಬಡಗಿಯ ಹೆಸರೂ ಇತ್ತು. ನಾವು ಇದ್ದದ್ದಕ್ಕೆ ಗುರುತಿರಲಿಲ್ಲ. ಒಡತಿ ಒಳ್ಳೆಯವಳು, ಇಮೇಲಿಗೆ ಕೂಡಲೇ ಉತ್ತರಿಸಿದಳು, ಫೋಟೋಗಳನ್ನೂ ಕಳಿಸಿದಳು. ಮನೆಯನ್ನು ಪೂರ್ತಿ ಮೂಲರೂಪಕ್ಕೆ ತಂದಿದ್ದರಂತೆ. ಕದಗಳನ್ನು ಬಿಚ್ಚಿ, ತಲೆಮಾರುಗಳ ಬಣ್ಣವನ್ನು ಕರಗಿಸುವ ರಸಾಯನದ ತೊಟ್ಟಿಯಲ್ಲಿ ಅದ್ದಿ ತೆಗೆದಿದ್ದರಂತೆ. ಫೋಟೋದಲ್ಲಿ ಜೇನುಬಣ್ಣದ ಮರ ಹೊಳೆಯುತ್ತಿತ್ತು. "ಇಟ್ಸ್ ಸೋ ಪ್ರಿಟಿ, ಅಜ್ಜಿ!" ಎಂದಳು ನನ್ನ ಮಗಳು. ಅವ್ವ ಐಪ್ಯಾಡನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದಳು. "ಯಾರ ಕಣ್ಣೂ ಬೀಳಬಾರದಂತ ನಾನs ಒಳಗ ಬರಿಸಿದ್ದೆ," ಎಂದಳು. ಅವಳು ಬೇಡಿದಂತೆಯೇ ಆಗಿತ್ತು. ಆ ಗೀಟಿನ ಮೇಲೆ ಯಾರ ಕಣ್ಣೂ ಬಿದ್ದಿರಲಿಲ್ಲ, ಅಳಿಸಿದವರದೂ.

ಆಮೇಲೆ ಎದ್ದು ಹೋಗಿ ಅಡುಗೆಮನೆಯ ಖಾಲಿ ಗೋಡೆಗೆ ಅಂಗೈ ಒತ್ತಿದಳು. "ಇಷ್ಟಿದ್ಲು."

"ಇಲ್ಲವ್ವಾ, ಇನ್ನೂ ಸಣ್ಣಾಕಿ," ಎಂದು ನಾನು ಅದರ ಕೆಳಗೆ ಕೈ ಇಟ್ಟೆ. ಎರಡು ಕೈಗಳ ನಡುವೆ ಗೇಣಿನಷ್ಟು ಅಂತರ. ಮಗಳು ಪೆನ್ಸಿಲ್ ತಂದು ನಿಂತಳು. "ವಿಚ್ ಒನ್, ಅಮ್ಮಾ?"

ಅವ್ವ ನನ್ನ ಮುಖ ನೋಡಿದಳು. ಅವಳ ಕೈ ಗೋಡೆಯ ಮೇಲೆ ಮೆಲ್ಲಗೆ ಜಾರಿ ನನ್ನ ಕೈಯ ಮಟ್ಟಕ್ಕೆ ಬಂತು. "ನಿನಗ ನೆನಪದ ಅಂದ್ರ ಅಷ್ಟs ಇರಬೇಕು ಬಿಡು," ಎಂದಳು.

ನನಗೂ ನೆನಪಿರಲಿಲ್ಲ.