ಅಗಸೆ ಹಿಂಡಿ ಮತ್ತು ಆಕಳ ನೆಪ

ಸಂತೆಯ ದಿನ ಸಂಜೆ ಮನೆಗೆ ಬಂದಾಗ ನನ್ನ ಮಾವನವರ ಬಲಗೈ ಮೊಣಕೈವರೆಗೂ ನುಣ್ಣಗೆ ಮಿಂಚುತ್ತಿತ್ತು. ಸಂತೇಬೆನ್ನೂರಿನ ಸಂತೆಯಲ್ಲಿ ಅವರು ಅಗಸೆ ಬೀಜವನ್ನು ಕಣ್ಣಿಂದ ನೋಡಿ ಕೊಂಡುಕೊಳ್ಳುತ್ತಿರಲಿಲ್ಲ. ಚೀಲದೊಳಗೆ ಕೈ ಇಳಿಸಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಚೆನ್ನಾಗಿ ಒಣಗಿದ ಬೀಜದಲ್ಲಿ ಕೈ ನೀರಿಗೆ ಇಳಿದ ಹಾಗೆ ಇಳಿಯುತ್ತದೆ. ಹಸಿ ಇದ್ದರೆ, ಮಣ್ಣು ಬೆರೆತಿದ್ದರೆ ತಡೆಯುತ್ತದೆ. "ಗೌಡ್ರೆ, ನಿದ್ದೆ ಬಂತೇನ್ರಿ?" ಎಂದು ಮಾರುವವರು ಕೆಣಕುತ್ತಿದ್ದರಂತೆ. "ಕೈಗೆ ನಿದ್ದೆ ಬಂದ್ರೆ ಬೀಜ ಚಲೋ ಐತೆ ಅಂತ ತಿಳೀರಿ" ಎನ್ನುತ್ತಿದ್ದರಂತೆ ಇವರು. ಇದನ್ನೆಲ್ಲ ನನಗೆ ಹೇಳಿದ್ದು ನನ್ನ ಗಂಡ. ಮಾವ ನನ್ನೊಡನೆ ಮಾತಾಡುತ್ತಿರಲಿಲ್ಲ.

ಸಿಟ್ಟಿನಿಂದಲ್ಲ. ಸೊಸೆಯ ಮುಖ ನೋಡಿ ಮಾವ ಮಾತಾಡುವುದು ಆಗ ಮರ್ಯಾದೆಯಲ್ಲ. ನಾನು ತಾಯಿಯಿಲ್ಲದ ಹುಡುಗಿ, ಮೈಸೂರಿನ ಕಡೆಯವಳು. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಕತ್ತಲಗೆರೆಯ ಹತ್ತಿರದ ಆ ಮನೆಯಲ್ಲಿ ಇದ್ದದ್ದು ಮಾವ, ನನ್ನ ಗಂಡ, ನಾನು ಮತ್ತು ಒಂದು ಕೆಂಪು ಆಕಳು. ಹಿರಿಯರೊಬ್ಬರು ನನ್ನ ಕಡೆ ತಿರುಗಿ ಒಂದೇ ಒಂದು ಮಾತು ಆಡಲಿ ಎಂದು ನಾನು ಹಂಬಲಿಸುತ್ತಿದ್ದೆ. ಮಾವ ಆಕಳ ಕೂಡ ಮಾತ್ರ ಬಾಯ್ತುಂಬ ಮಾತಾಡುತ್ತಿದ್ದರು.

ಮದುವೆಯಾಗಿ ಬರುವಾಗ ಹೊನ್ನಾಳಿಯ ಕಪ್ಪು ಎರೆಮಣ್ಣಿನ ಹೊಲಗಳ ನಡುವೆ ಗಾಡಿ ಸಾಗಿತ್ತು. ಬೆಳಗಿನ ತೂಕಡಿಕೆಯಲ್ಲಿ ಕಣ್ಣು ಬಿಟ್ಟರೆ ಎರಡೂ ಕಡೆ ತೆಳು ನೀಲಿ. ಕೆರೆ ತುಂಬಿದೆ ಅಂದುಕೊಂಡೆ. ಅಗಸೆ ಹೂ ಎಂದರು ಗಂಡ. ಬಿಸಿಲೇರಿದ ಮೇಲೆ ಮತ್ತೆ ನೋಡಿದರೆ ಪಕಳೆಗಳೆಲ್ಲ ಉದುರಿ ಬರೀ ಹಸಿರು ಉಳಿದಿತ್ತು. ಆ ನೀಲಿಯನ್ನು ನಿಜವಾಗಿ ನೋಡಿದೆನೋ ಕನಸು ಕಂಡೆನೋ ಎಂದು ಇವತ್ತಿಗೂ ಒಮ್ಮೊಮ್ಮೆ ಅನುಮಾನವಾಗುತ್ತದೆ.

ಮನೆಗೆ ಬಂದ ಮಾರನೆಯ ದಿನವೇ ರಂಪವಾಯಿತು. ಊಟಕ್ಕೆ ಕೂತಾಗ ಮಾವ ಗೋಡೆಯ ಕಡೆ ನೋಡುತ್ತ ಮಗನಿಗೆ ಹೇಳಿದರು: "ಆಕಿಗೂ ಹಿಂಡಿ ಹಾಕಪ್ಪ. ರೊಟ್ಟಿ ಬರೇದು ತಿನ್ನಾಕೆ ಆಗಾಕಿಲ್ಲ."

ನಮ್ಮ ಕಡೆ ಹಿಂಡಿ ಎಂದರೆ ದನಕ್ಕೆ ಹಾಕುವುದು. ಬೆಳಿಗ್ಗೆ ತಾನೇ ಅವರು "ಹಿಂಡಿ ತಿನ್ನವ್ವ" ಎಂದು ಆಕಳ ಬಾಯಿಗೆ ಇಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ತಾಯಿಯಿಲ್ಲದವಳನ್ನು ಕೊಟ್ಟಿಗೆಯ ಲೆಕ್ಕಕ್ಕೆ ಸೇರಿಸಿದರು ಅನ್ನಿಸಿತು. ತಟ್ಟೆ ಬಿಟ್ಟು ಎದ್ದು, ಕಂಬ ಹಿಡಿದು ಗೊಳೋ ಎಂದು ಅತ್ತುಬಿಟ್ಟೆ. ಕಾರಣ ತಿಳಿದ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ನಗಲಿಲ್ಲ. ಕೈ ತೊಳೆದು ಕೊಟ್ಟಿಗೆಗೆ ಇಳಿದು, ನನಗೆ ಕೇಳುವ ಹಾಗೆ ಆಕಳಿಗೆ ಹೇಳಿದರು:

"ನಿಂದು ಗಾಣದ ಹಿಂಡಿ ಕಣವ್ವ, ಎಣ್ಣೆ ತೆಗೆದು ಉಳಿದದ್ದು. ನಮ್ದು ಅಗಸೆ ಹುರಿದು, ಮೆಣಸಿನಕಾಯಿ, ಬಳ್ಳೊಳ್ಳಿ ಹಾಕಿ ಕುಟ್ಟಿದ್ದು. ಹೆಸರು ಒಂದೇ ಐತೆ, ಏನು ಮಾಡಾಕಾಗ್ತೈತೆ? ಹೊಟ್ಟೆಗೆ ಊರು ಗೊತ್ತಾಗಾಕಿಲ್ಲವ್ವ. ಸಿಟ್ಟು ಬಿಟ್ಟು ಉಣ್ಣು."

ಆಕಳಿಗೆ ಏನು ಸಿಟ್ಟಿತ್ತು! ನಾನು ಮೂಗು ಒರೆಸಿಕೊಂಡು ಬಂದು ಬೆರಳ ತುದಿಯಲ್ಲಿ ನೆಕ್ಕಿ ನೋಡಿದೆ. ಆಮೇಲೆ ಎರಡು ರೊಟ್ಟಿ ತಿಂದೆ.

ಅತ್ತೆ ಹೋದಾಗಿನಿಂದ ಅಗಸೆ ಹುರಿಯುವುದು ಮಾವನ ಕೆಲಸವಾಗಿತ್ತು. ಸಣ್ಣ ಉರಿಯಲ್ಲಿ ಬೀಜ ಚಟಪಟ ಎನ್ನುವಾಗ ಅವರು ಬಾಣಲೆಗೆ ಕಿವಿಗೊಟ್ಟು ಕೂರುತ್ತಿದ್ದರು. ಸದ್ದು ಇಳಿಯತೊಡಗಿದ ಕೂಡಲೇ ಇಳಿಸಬೇಕು, ತಡವಾದರೆ ಕಹಿ. ಆಕಳಿಗಾದರೆ ಬೀಜವನ್ನು ಲೋಳೆಯಾಗುವವರೆಗೆ ಕುದಿಸಿ ಗಂಜಿ ಮಾಡುತ್ತಿದ್ದರು. ಬರೇ ನೆನೆಸಿದ್ದು ದನಕ್ಕೆ ನಂಜು ಎಂದು ಅದನ್ನು ಕೊಡಲು ಯಾರನ್ನೂ ಬಿಡುತ್ತಿರಲಿಲ್ಲ. ಆ ಘಮ ಮನೆಯೆಲ್ಲ ತುಂಬಿದಾಗ ನನಗೆ ಕೂತಲ್ಲೇ ಜೊಂಪು ಹತ್ತುತ್ತಿತ್ತು.

ನನ್ನ ಚೊಚ್ಚಲ ಬಾಣಂತನ ಆ ಮನೆಯಲ್ಲೇ ಆಯಿತು. ತವರಿನಲ್ಲಿ ಮಾಡುವವರಿರಲಿಲ್ಲ. ಅದೇ ದಿನಗಳಲ್ಲಿ ಆಕಳೂ ಕರು ಹಾಕಿತ್ತು. ಅದಕ್ಕೆ ಹಾಲು ಉಕ್ಕುತ್ತಿತ್ತು, ನನಗೆ ಬರಲೇ ಇಲ್ಲ. ಮಗು ಅತ್ತು ಅತ್ತು ದನಿ ಸಣ್ಣದಾಯಿತು. ಆಕಳ ಹಾಲಿಗೆ ನೀರು ಬೆರೆಸಿ, ಅರಳೆ ಬತ್ತಿ ಅದ್ದಿ ಮಗುವಿನ ಬಾಯಿಗೆ ಹನಿಸುತ್ತಿದ್ದರು. ಸೂಲಗಿತ್ತಿ ಉಣ್ಣು ಎಂದರೂ ನನಗೆ ತುತ್ತು ಇಳಿಯುತ್ತಿರಲಿಲ್ಲ. ಸಾಂಬ್ರಾಣಿಯ ಹೊಗೆಯಲ್ಲಿ ಎಚ್ಚರವೂ ನಿದ್ದೆಯೂ ಅಲ್ಲದ ಹಾಗೆ ಬಿದ್ದಿರುತ್ತಿದ್ದೆ. ಅಮ್ಮ ಬಂದು ಕಾಲ ಬಳಿ ಕೂತಂತೆ, ಆ ನೀಲಿ ಹೊಲದಲ್ಲಿ ಮಗು ತೇಲಿ ಹೋದಂತೆ ಏನೇನೋ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಹೊಸ್ತಿಲ ಮೇಲೆ ಬಟ್ಟಲು ಇಟ್ಟ ಸದ್ದಾಯಿತು. ಬೆಲ್ಲ, ತುಪ್ಪ ಹಾಕಿದ ಅಗಸೆ ಗಂಜಿ. ನಾನು ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಕೊಟ್ಟಿಗೆಯಿಂದ ಮಾವನ ದನಿ ಬಂತು.

"ತಿನ್ನವ್ವ. ಹಿಂಗೆ ಮಾಡಿದ್ರೆ ಹೆಂಗೆ? ನಿನ್ನ ಕೂಸು ನಿನ್ನ ಮಾರಿ ನೋಡ್ತೈತೆ."

ಆಕಳು ಮೆಲುಕು ಹಾಕುವುದು ನನಗೆ ಕೇಳುತ್ತಿತ್ತು. ಅದು ಯಾವಾಗಲೋ ತಿಂದು ಮುಗಿಸಿತ್ತು.

"ನಿಮ್ಮವ್ವ ಇದ್ದಿದ್ರೆ ಕೈಯಾರೆ ಉಣಿಸೋಳು. ನನಗೆ ಅಲ್ಲಿಗೆ ಬರಾಕೆ ಆಗಾಕಿಲ್ಲ. ನೀನೇ ತಿನ್ನಬೇಕವ್ವ" ಎಂದರು.

ಯಾವ ಆಕಳಿಗೆ ಅವ್ವನ ನೆನಪು! ಬಟ್ಟಲು ಎಳೆದುಕೊಂಡು, ಅಳುತ್ತಲೇ ತಳ ಕಾಣುವ ತನಕ ಕುಡಿದೆ. ದಿನಾ ಬಟ್ಟಲು ಬಂತು, ದಿನಾ ಮಾತೂ ಬಂತು. ಕೆಲವು ದಿನಗಳಲ್ಲಿ ಎದೆ ತುಂಬಿತು. ಅಗಸೆಯಿಂದಲೋ, ಆ ಮಾತಿನಿಂದಲೋ, ನನಗೆ ಗೊತ್ತಿಲ್ಲ. ಮಗಳು ಬದುಕಿದಳು.

ಆಮೇಲೆ ವರ್ಷಗಟ್ಟಲೆ ನಮ್ಮ ವ್ಯವಹಾರವೆಲ್ಲ ಆಕಳ ಮೂಲಕವೇ ನಡೆಯಿತು. "ಮಜ್ಜಿಗೆ ಹುಳಿ ಆಗೈತೆ ನೋಡವ್ವ" ಎಂದು ಅವರು ಅದಕ್ಕೆ ದೂರು ಹೇಳಿದರೆ, "ಹೊತ್ತಿಗೆ ಸರಿಯಾಗಿ ಬಂದಿದ್ದರೆ ಸಿಹಿಯಾಗೇ ಇರುತ್ತಿತ್ತು ಕಣೇ" ಎಂದು ನಾನೂ ಅದಕ್ಕೇ ಉತ್ತರ ಕೊಡುತ್ತಿದ್ದೆ. ನಡುವೆ ಆ ಬಡಪಾಯಿ ಕಿವಿ ಆಡಿಸುತ್ತಿತ್ತು. ನಾನು ಅವರನ್ನು ತಂದೆಗಿಂತ ಹೆಚ್ಚು ಪ್ರೀತಿಸಿದೆ. ಆದರೂ ನೇರವಾದ ಒಂದು ಮಾತಿನ ಆಸೆ ಹೋಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ಮಾವ ಹಾಸಿಗೆ ಹಿಡಿದರು. ಕೊಟ್ಟಿಗೆ ಕಾಣುವ ಹಾಗೆ ನಡುಮನೆಯಲ್ಲಿ ಮಲಗಿಸಿದ್ದೆವು. ಆ ದಿನ ಹೊತ್ತು ನೆತ್ತಿಗೆ ಬಂದಿತ್ತು. ಆಕಳು ಊರ ದನಗಳ ಜೊತೆ ಮೇಯಲು ಹೋಗಿತ್ತು, ಗಂಡ ವೈದ್ಯರನ್ನು ಕರೆಯಲು ಹೋಗಿದ್ದರು. ನಾನು ಬೆಳಗಿನಿಂದ ಕದಲದೆ ಅವರ ತಲೆಯ ಹತ್ತಿರ ತೆಳ್ಳನೆಯ ಅಗಸೆ ಗಂಜಿ ಹಿಡಿದು ಕೂತಿದ್ದೆ. ಒಂದು ಗುಟುಕು ಕುಡಿದು ಸಾಕೆಂದು ತಲೆ ಅಲ್ಲಾಡಿಸಿದರು. ಕೊಟ್ಟಿಗೆಯ ಕಡೆ ನೋಡಿದರು. ಗೂಟದಲ್ಲಿ ಬರೀ ಹಗ್ಗವಿತ್ತು. ಆಮೇಲೆ ನಿಧಾನವಾಗಿ ಮುಖ ಈ ಕಡೆ ತಿರುಗಿಸಿ ನನ್ನನ್ನು ನೋಡಿದರು.

"ಉಂಡ್ಯೇನವ್ವಾ?" ಎಂದರು.

"ಉಂಡೆ, ಮಾವ" ಎಂದೆ.

ಸಂಜೆ ದನ ಮನೆಗೆ ಬರುವ ಹೊತ್ತಿಗೆ ಅವರು ಇರಲಿಲ್ಲ. ನಾನು ಅವರಿಗೆ ನೇರವಾಗಿ ಆಡಿದ್ದು ಅದೊಂದೇ ಮಾತು. ಅದೂ ಸುಳ್ಳು.