ನಾನು ಕಟ್ಟಿದ ಒಂದು ಸುಳ್ಳು ಪದ

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಜೈನಾಪುರದಿಂದ ಬಿಜಾಪುರದ ಕಾಲೇಜಿಗೆ ಹೋದ ಮೊದಲ ಹುಡುಗಿ ನಾನು. ಹೋದ ಆರು ತಿಂಗಳಲ್ಲೇ ನನ್ನ ಮಾತು ಬದಲಾಯಿತು. ‘ಸಾಲಿ’ ಹೋಗಿ ‘ಶಾಲೆ’ ಬಂತು, ‘ಮನಿ’ ಹೋಗಿ ‘ಮನೆ’ ಬಂತು. ಬದಲಿಸು ಎಂದು ಯಾರೂ ಹೇಳಿರಲಿಲ್ಲ. ಬಾಯಿ ತೆರೆದರೆ ಸಾಕು, ನಮ್ಮವ್ವನ ತೇಪೆಯ ಸೀರೆ ಎಲ್ಲರಿಗೂ ಕಂಡುಬಿಡುತ್ತದೆ ಅನ್ನಿಸುತ್ತಿತ್ತು.

ನಮಗೆ ಸಮಾಜಶಾಸ್ತ್ರ ಕಲಿಸುತ್ತಿದ್ದ ಮೇಡಂ ಮಂಗಳೂರಿನ ಕಡೆಯವರು. ಅವರ ಮನೆಮಾತು ಬೇರೆ. ಕನ್ನಡವನ್ನು ಪುಸ್ತಕದಲ್ಲಿದ್ದ ಹಾಗೆ ಬಿಡಿಸಿ ಬಿಡಿಸಿ ಆಡುತ್ತಿದ್ದರು. ನಮ್ಮ ಭಾಗದ ಹೆಂಗಸರ ಕೆಲಸದ ಮಾತುಗಳನ್ನು ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಬರೆದಿಡುವುದು ಅವರಿಗೊಂದು ಹುಚ್ಚು. ಕೊಡದ ಅಡಿಗೆ ತಲೆಯ ಮೇಲಿಡುವ ಸಿಂಬಿ, ಗಡಿಗೆಗಳನ್ನು ಒಂದರ ಮೇಲೊಂದು ಪೇರಿಸಿದ ಅಡಕಲು, ಇಂಥವನ್ನೆಲ್ಲ ನನ್ನಿಂದ ಕೇಳಿ ಬರೆದುಕೊಳ್ಳುತ್ತಿದ್ದರು. “ನೀನು ಒಂದು ಖಜಾನೆ” ಎಂದು ಕ್ಲಾಸಿನಲ್ಲಿ ಎಲ್ಲರ ಮುಂದೆ ಹೇಳಿದ್ದರು. ನಾನು ಮುಚ್ಚಿಡುತ್ತಿದ್ದುದಕ್ಕೇ ಹೊಗಳಿಕೆ ಸಿಕ್ಕಿತ್ತು. ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಶಿವರಾತ್ರಿ ಕಳೆದ ಹೊಸದು. ಮೇಡಂ ಕೇಳಿದರು: “ನಿನ್ನೆ ತಿಕೋಟಾದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಜೋಳ ಕೊಯ್ದಾದ ಬರಿಹೊಲದಲ್ಲಿ ನಾಲ್ಕೈದು ಹೆಂಗಸರು ಬಗ್ಗಿ ಬಗ್ಗಿ ಏನನ್ನೋ ಆರಿಸುತ್ತಿದ್ದರು. ಏನದು?”

“ಹೊಲದವರು ಬಿಟ್ಟುಹೋದ ತೆನೆ ಮೇಡಂ. ಬಡವರು ಆಯ್ದುಕೊಳ್ಳುತ್ತಾರೆ,” ಎಂದೆ. ‘ಬಡವರು’ ಎನ್ನುವಾಗ ಎಲ್ಲಿಯೋ ಇರುವ ಬೇರೆ ಜನರ ಬಗ್ಗೆ ಹೇಳಿದ ಹಾಗೆ ಹೇಳಿದೆ. ನಾನೂ ಅವ್ವನೂ ಪ್ರತಿ ಸುಗ್ಗಿಯ ಕೊನೆಗೆ ಬೆನ್ನು ಬಿರಿಯುವಂತೆ ಆಯ್ದವರೇ. ಎಷ್ಟೋ ತಿಂಗಳು ನಮ್ಮ ರೊಟ್ಟಿ ಆ ತೆನೆಗಳದ್ದೇ.

“ಅದಕ್ಕೆ ಏನನ್ನುತ್ತಾರೆ?”

ಬಾಯಿ ತೆರೆದೆ. ಪದ ಬರಲಿಲ್ಲ. ವರ್ಷಕ್ಕೆ ನೂರು ಸಲ ಕೇಳಿದ ಪದ. ಅದಿದ್ದ ಜಾಗ ಖಾಲಿಯಾಗಿತ್ತು. “ನಾಳೆ ಹೇಳ್ತೀನಿ ಮೇಡಂ” ಎಂದು ಎದ್ದು ಬಂದೆ.

ಆ ಸಂಜೆಯಿಂದ ಹುಡುಕಾಟ ಶುರುವಾಯಿತು. ನನ್ನ ಪಕ್ಕ ಕೂರುತ್ತಿದ್ದ ಸೊಲ್ಲಾಪುರ ಕಡೆಯ ಹುಡುಗಿ, “ನಮ್ಮ ಮನ್ಯಾಗ ಅದಕ್ಕ ಸರವಾ ಅಂತೀವಿ” ಎಂದಳು. ಅದು ಮರಾಠಿ, ನನಗೆ ಬೇಕಾದದ್ದಲ್ಲ. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ನಾನು ಬಾಡಿಗೆಗಿದ್ದ ಕೋಣೆಯ ಯಜಮಾನಿ, ರಜಾಯಿ ಹೊಲಿಯುವ ಮುದುಕಿ. ನಾನು ಅವರನ್ನು ಖಾಲಾ ಎನ್ನುತ್ತಿದ್ದೆ. ಅವರ ತವರು ತಿಕೋಟಾ. ಕೇಳಿದಾಗ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕಣ್ಣು ಮುಚ್ಚಿದರು.

“ಯಾ ಅಲ್ಲಾ, ನಾನೂ ನಮ್ಮಮ್ಮನ ಸಂಗಾಟ ಹೋಗತಿದ್ನೆಲ್ಲ! ಉಡಿ ತುಂಬ ತೆನಿ ತರತಿದ್ವಿ. ಏನಂತಿದ್ರ ಅದಕ್ಕ... ನಾಲಿಗಿ ತುದಿಮ್ಯಾಗ ಐತಿ ನೋಡ.”

“ಯಾವ ಅಕ್ಷರದಿಂದ ಶುರು ಆಗ್ತದೆ, ಅದನ್ನಾದರೂ ಹೇಳಿ ಖಾಲಾ.”

“ಅಕ್ಷರ ನನಗೆಲ್ಲಿ ಬರತಾವ ಬೇ? ಬಿದ್ದದ್ದನ್ನ ಆಯೋದು, ಅಷ್ಟ ನೆಪ್ಪ ಐತಿ. ನಿಮ್ಮವ್ವನ್ನ ಕೇಳ, ಆಕಿ ತಟ್ಟನ ಹೇಳತಾಳ. ಬಬಲೇಶ್ವರದ ಮೋಟಾರ ಹತ್ತಿದರ ಎಷ್ಟೊತ್ತಿನ ದಾರಿ?”

ಹೋಗಲಿಲ್ಲ. ಅವ್ವನನ್ನು ಕೇಳುವುದೆಂದರೆ, ಮರೆತೆ ಎಂದು ಆಕೆಯ ಮುಂದೆ ಒಪ್ಪಿಕೊಳ್ಳಬೇಕು. ಮರುದಿನ ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ಖಾಲಾ ಹೇಳಿದ ‘ಬಿದ್ದದ್ದನ್ನ ಆಯೋದು’ ಎಂಬುದನ್ನೇ ಮುದುಡಿ ಒಂದು ಪದ ಮಾಡಿದೆ. “ಬಿದ್ದಾಯಿ” ಎಂದೆ.

“ಎಷ್ಟು ಚೆನ್ನಾಗಿದೆ!” ಎನ್ನುತ್ತ ಅವರು ದುಂಡಗೆ ಬರೆದುಕೊಂಡು, ಕೆಳಗೆ ಗೆರೆ ಎಳೆದರು.

ಒಂದು ತಿಂಗಳಾದ ಮೇಲೆ ಬಬಲೇಶ್ವರದ ಶಾಲೆಯಲ್ಲಿ ಹೆಂಗಸರ ಸಭೆಯೊಂದಿತ್ತು. ಹೆಣ್ಣುಮಕ್ಕಳ ಓದಿನ ಬಗ್ಗೆ ಮಾತಾಡಲು ಮೇಡಂ ಅವರನ್ನು ಕರೆದಿದ್ದರು. ಅವರು ನನ್ನನ್ನೂ ಕರೆದುಕೊಂಡು ಹೋದರು. ಮುಂದೆ ಎರಡು ಕುರ್ಚಿ. ಒಂದರಲ್ಲಿ ಅವರು, ಇನ್ನೊಂದರಲ್ಲಿ ನಾನು. ಕೆಳಗೆ ಜಮಖಾನೆಯ ಮೇಲೆ ಸುತ್ತಲ ಊರುಗಳ ಐವತ್ತು ಅರವತ್ತು ಹೆಂಗಸರು. ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಒರಗಿ, ನಮ್ಮವ್ವ ಕೂತಿದ್ದಳು. ಜೈನಾಪುರದಿಂದ ನಡೆದೇ ಬಂದಿದ್ದಳು. ನನ್ನನ್ನು ನೋಡಿ ನಕ್ಕಳು. ನಾನು ನೋಡದವಳ ಹಾಗೆ ಕೈಯಲ್ಲಿದ್ದ ಕಾಗದ ತಿರುವಿದೆ. ಸಭೆ ಮುಗಿದ ಮೇಲೆ ಮಾತಾಡಿಸಿದರಾಯಿತು ಎಂದುಕೊಂಡೆ.

ಮೇಡಂ ಚೆನ್ನಾಗಿ ಮಾತಾಡಿದರು. “ನಿಮ್ಮ ಮಾತುಗಳೇ ನನಗೆ ಪಾಠ” ಎಂದು ನೋಟುಬುಕ್ಕು ತೆಗೆದು ಒಂದೊಂದೇ ಪದ ಓದತೊಡಗಿದರು. ಸಿಂಬಿ ಎಂದಾಗ ಹೆಂಗಸರು ತಲೆಯಾಡಿಸಿದರು, ಅಡಕಲು ಎಂದಾಗ ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ಅವರು ಓದಿದರು: “ಹೊಲದಲ್ಲಿ ಉಳಿದ ತೆನೆ ಆರಿಸುವುದು, ಬಿದ್ದಾಯಿ.”

ಮುಂದೆ ಕೂತಿದ್ದ ಮುದುಕಿಯೊಬ್ಬಳು ಕೇಳಿದಳು: “ಯಾವ ಆಯಿ ಬಿದ್ದಾಳ್ರಿ ಬಾಯಾರ?”

ನಮ್ಮ ಕಡೆ ಆಯಿ ಎಂದರೆ ಅಜ್ಜಿ. ನಗೆ ಭುಗಿಲೆಂದಿತು. “ಆಯೀನ ಯಾರರ ಎಬ್ಬಸ್ರಬೇ!” ಎಂದಳು ಇನ್ನೊಬ್ಬಳು. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಮೇಡಂ ಮುಖ ಕೆಂಪಾಯಿತು. ನನ್ನತ್ತ ಒಮ್ಮೆ ನೋಡಿದರು. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ. “ನಾನೇ ತಪ್ಪು ಕೇಳಿಸಿಕೊಂಡು ಬರೆದಿರಬೇಕು. ನಮ್ಮ ಕಡೆ ಭತ್ತ ನೋಡಿ, ಜೋಳದ ವಿಷಯ ನನಗೆ ತಿಳಿಯದು,” ಎಂದು ನಗುವವರ ಜೊತೆ ತಾವೂ ನಕ್ಕರು.

ಆಗ ಹಿಂದಿನಿಂದ ಅವ್ವನ ದನಿ ಬಂತು.

“ಅದು ಹಕ್ಕಲರಿ ಬಾಯಾರ. ಹಕ್ಕಲಾ ಆಯೋದು ಅಂತೀವಿ. ನಾನೂ ನನ್ನ ಮಗಳೂ ಏಸೋ ವರ್ಸ ಆಯ್ದೇವಿ.”

ಹಕ್ಕಲು. ಕೇಳಿದ್ದೇ ತಡ, ಆ ಪದದ ಜೊತೆ ಎಲ್ಲ ಬಂತು: ಕಾಲಿಗೆ ಚುಚ್ಚುವ ಜೋಳದ ಕೂಳೆ, ನೆತ್ತಿಯ ಬಿಸಿಲು, ಮುಂದೆ ಮುಂದೆ ಹೋಗುವ ಅವ್ವನ ಬಾಗಿದ ಬೆನ್ನು.

ಮೇಡಂ ಆಸೆಯಿಂದ ಕೇಳಿದರು: “ನಿಮ್ಮ ಮಗಳೂ ಬಂದಿದ್ದಾಳಾ ಅಮ್ಮ? ಎಲ್ಲಿದ್ದಾಳೆ?”

ಅವ್ವ ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೂ ಸುಳ್ಳೇ. ಬೇಡ, ಹೇಳಬೇಡ ಎಂದು ಬೇಡಿಕೊಳ್ಳುವ ಮುಖ ಅದು.

“ಇಲ್ರಿ,” ಎಂದಳು ಅವ್ವ. “ಲಗ್ನ ಆಗಿ ಗಂಡನ ಮನಿಗೆ ಹೋಗ್ಯಾಳ್ರಿ.”

ಜೈನಾಪುರದ ಇಬ್ಬರು ಹೆಂಗಸರು ಅಲ್ಲೇ ಇದ್ದರು. ಅವರೂ ಏನೂ ಅನ್ನಲಿಲ್ಲ. ಮೇಡಂ ‘ಬಿದ್ದಾಯಿ’ಯನ್ನು ಹೊಡೆದುಹಾಕಿ ‘ಹಕ್ಕಲು’ ಎಂದು ಬರೆದುಕೊಂಡರು. ಸಭೆ ಮುಗಿದು ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವ್ವ ಹೊರಟುಹೋಗಿದ್ದಳು.

ಮೇಡಂ ಬಸ್ಸಿನಲ್ಲಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ನಾಲ್ಕು ದಿನ ಕ್ಲಾಸಿನಲ್ಲಿ ಅವರ ಕಣ್ಣು ತಪ್ಪಿಸಿಕೊಂಡು, ಐದನೆಯ ದಿನ ಜಲನಗರದ ಅವರ ಮನೆಗೆ ಹೋದೆ. ನಿಂತೇ ಹೇಳಿದೆ: ಪದ ಕಟ್ಟಿದ್ದು ನಾನು, ಅದನ್ನು ತಿದ್ದಿದ್ದು ನನ್ನ ತಾಯಿ, ಆಯ್ದವಳು ನಾನೇ, ನನಗೆ ಲಗ್ನ ಆಗಿಲ್ಲ.

“ಪದ ತಪ್ಪಾದರೆ ತಿದ್ದಬಹುದು,” ಎಂದರು ಮೇಡಂ. “ಆದರೆ ಆ ತಾಯಿಯನ್ನು ಅವಳ ಮಗಳ ಎದುರಿಗೇ ನಾನು ಮಗಳೆಲ್ಲಿ ಎಂದು ಕೇಳಿದೆನಲ್ಲ.” ತಪ್ಪು ತಮ್ಮದೆನ್ನುವ ಹಾಗೆ ಹೇಳಿದರು. ಅದು ನನ್ನನ್ನು ಇನ್ನಷ್ಟು ಕುಗ್ಗಿಸಿತು.

ಆ ಭಾನುವಾರ ಊರಿಗೆ ಹೋದೆ. ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. “ಬಿಸಲಾಗ ಬಂದಿ, ನೀರ ಕುಡಿ” ಎಂದಳು. ಕುಡಿದೆ. ತಂಬಿಗೆ ಕೆಳಗಿಟ್ಟು ಕೇಳಿದೆ, ನಮ್ಮ ಮಾತಿನಲ್ಲೇ: “ಯವ್ವಾ, ಹಂಗ ಯಾಕ ಹೇಳಿದಿ?”

“ಮತ್ತೇನ ಹೇಳಲಿ? ಮಂದ್ಯಾಗ ನಿನ್ನ ಮಾರಿ ನೋಡಾಕ ಆಗಲಿಲ್ಲ ನನಗ.”

ಅಷ್ಟೇ. ಮತ್ತೆ ಮೊರ ಎತ್ತಿಕೊಂಡಳು. ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಪಕ್ಕಕ್ಕೆ ಕೂತು ಜೋಳದೊಳಗಿನ ಹರಳು ಆರಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಅವ್ವನೇ ಕೇಳಿದಳು: “ಆ ಬಾಯಾರು ಚಲೋ ಅದಾರ. ಊಟಕ್ಕ ಕರಕೊಂಡ ಬರತಿಯೇನ?”

“ಹೂಂ” ಎಂದೆ. ಆದರೆ ಪರೀಕ್ಷೆ ಮುಗಿದ ಮೇಲೆ ಅವರು ವರ್ಗವಾಗಿ ಹೋದರು. ಅವರು ಹೋಗುವವರೆಗೂ ನಾನು ಕರೆದುಕೊಂಡು ಹೋಗಿರಲಿಲ್ಲ. ಅವರಿಗೆ ಬಿಡುವಿರಲಿಲ್ಲ ಎಂದು ಅವ್ವನಿಗೆ ಹೇಳಿದೆ. ಅವ್ವ ಅದನ್ನೂ ನಂಬಿದವಳ ಹಾಗೆ ಇದ್ದುಬಿಟ್ಟಳು.