ಗೋಡೆಯ ಮೇಲಿನ ಅಜ್ಜ

ಕುಂದಾಪುರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುವುದು ನನ್ನ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿಯವರು ನನಗೆ ಮದುವೆ ಕಾಗದ ಮಾತ್ರ ಕೊಡುತ್ತಿದ್ದರು. ಉತ್ತರಕ್ರಿಯೆಯ ಕಾರ್ಡು ಬಂದರೆ ಬೇರೆ ಕಾಗದದಡಿ ಮುಚ್ಚಿ ಇನ್ನೊಂದು ಮೇಜಿಗೆ ದಾಟಿಸುತ್ತಿದ್ದರು. ಹತ್ತು ತಿಂಗಳು ಹೀಗೇ ನಡೆಯಿತು. ನಾನೂ ಕಾಣದವನಂತೆ ಇದ್ದೆ.

ಮನೆಯಲ್ಲಿ ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ ಅವಳ ಫೋಟೋ, ಸುತ್ತಿದ ಪೇಪರ್ ಸಹ ಬಿಚ್ಚದೆ ಕಪಾಟಿನ ಹಿಂದೆ ನಿಂತಿತ್ತು. ನೆರೆಯವರ ಹೊಸ ಮನೆಯ ಒಕ್ಕಲಿನ ದಿನ ಅವಳು ಪಾಯಸದ ಬಕೆಟ್ ಹಿಡಿದು ಬಡಿಸುವಾಗ ಯಾರೋ ತೆಗೆದದ್ದು. ಸ್ಟುಡಿಯೋದವರು ಬಕೆಟನ್ನು ಕತ್ತರಿಸಿದ್ದರು. ಅದರ ಭಾರಕ್ಕೆ ಇಳಿದ ಒಂದು ಹೆಗಲು ಹಾಗೇ ಉಳಿದಿತ್ತು.

ಗೋಡೆಗೆ ಹಾಕಿದರೆ ಹಾರ ಹಾಕಬೇಕು. ಹಾರ ಹಾಕಿದರೆ ಮುಗಿಯಿತು. ಅವಳ ವರ್ಷಾಂತಿಕ ಹತ್ತಿರ ಬರುತ್ತಿತ್ತು. ಬಿಜೂರಿನಿಂದ ನನ್ನ ಅಕ್ಕ ಫೋನು ಮಾಡಿದಾಗಲೆಲ್ಲ, “ಫೋಟೋ ಹಾಕ್ದ್ಯಾ?” ಎಂದು ಕೇಳುವಳು. ಮೊಳೆ ಸಿಕ್ಕಲಿಲ್ಲ ಎನ್ನುತ್ತಿದ್ದೆ. ಕುಂದಾಪುರದಲ್ಲಿ ಮೊಳೆಗೆ ಬರವೇ?

ಹೀಗಿರುವಾಗ, ದೊಡ್ಡ ಕಂಪೆನಿಗಳಲ್ಲಿ ಕೆಲಸದವರನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ ಒಗ್ಗಟ್ಟು ಬೆಳೆಸುತ್ತಾರೆಂದು ನಮ್ಮ ಯಜಮಾನರು ಮೊಬೈಲಿನಲ್ಲಿ ನೋಡಿದರು. ಬೀಜಾಡಿಯ ಸಮುದ್ರದ ಬದಿಯ ಗೆಸ್ಟ್ ಹೌಸೊಂದರಲ್ಲಿ ಅಂಥ ಕೋಣೆ ಹೊಸತಾಗಿ ಆಗಿತ್ತು. ಸುಳಿವು ಹುಡುಕಿ, ಬೀಗದ ಕೈ ಪತ್ತೆಮಾಡಿ, ಒಂದು ಗಂಟೆಯೊಳಗೆ ಹೊರಗೆ ಬರಬೇಕು. ಒಂದು ಭಾನುವಾರ ಬೆಳಿಗ್ಗೆ ಯಜಮಾನರೂ ಸೇರಿ ಐದು ಜನ ಹೋದೆವು.

“ಪ್ರೆಸ್ಸಲ್ಲಿ ಕೂಡಿ ಹಾಕಿದ್ದ್ ಸಾಕಾಯ್ಲಿಲ್ಯಾ?” ಎಂದರು ಬೈಂಡಿಂಗಿನ ಅಣ್ಣ. ನಮ್ಮಲ್ಲಿ ಹಿರಿಯರು, ಅಗಲ ಮೈಯವರು.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಹಳೇ ಮನೆಯ ಹಾಗೆ ಮಾಡಿಟ್ಟಿದ್ದರು: ಮರದ ಪೆಟ್ಟಿಗೆ, ಗಡಿಯಾರ, ಒಂದು ಡೈರಿ. ಎದುರು ಗೋಡೆಯಲ್ಲಿ ಒಬ್ಬ ಅಜ್ಜನ ಫೋಟೋ, ಅದಕ್ಕೆ ಗಂಧದ ಹಾರ, ಕೆಳಗೆ ಕೆಂಪು ಬಲ್ಬು. ಎಲ್ಲರೂ ಕೈಮುಗಿದರು. ಮುಗಿದ ಮೇಲೆ ಎಲ್ಲರಿಗೂ ಒಟ್ಟಿಗೇ ನನ್ನ ನೆನಪಾಯಿತು. ಬೈಂಡಿಂಗಿನ ಅಣ್ಣ ಎರಡು ಹೆಜ್ಜೆ ಸರಿದು, ನನಗೆ ಕಾಣದ ಹಾಗೆ ಫೋಟೋಕ್ಕೆ ಬೆನ್ನು ಕೊಟ್ಟು ನಿಂತರು. ಮತ್ತೆ ಕದಲಲಿಲ್ಲ.

ನಿಂತಲ್ಲೇ ಡೈರಿ ತರಿಸಿಕೊಂಡು ಹೊಲಿಗೆ ನೋಡಿದರು. “ಇದನ್ನ್ ಬೈಂಡ್ ಮಾಡ್ದವ್ನ ಕೈ ಕಡೀಕ್” ಎಂದು ಒಂದು ಎಳೆತ ಎಳೆದರು. ಹಾಳೆಗಳೆಲ್ಲ ಉದುರಿದವು. ಪ್ರೂಫ್ ನೋಡುವ ಅಕ್ಕನೂ ಮಶೀನಿನವನೂ ನೆಲದಲ್ಲಿ ಕೂತು ಪುಟಸಂಖ್ಯೆ ಪ್ರಕಾರ ಜೋಡಿಸಿ, ಅಂಚು ತಟ್ಟಿ, ಅಚ್ಚುಕಟ್ಟಾಗಿ ಇಟ್ಟರು. ಓದಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಯಜಮಾನರು ಪೆಟ್ಟಿಗೆಯ ಮೇಲೆ ಕೂತು, “ಒಗ್ಗಟ್ಟಲ್ಲಿ ಹುಡ್ಕಿ” ಎನ್ನುತ್ತಿದ್ದರು.

ಕೊನೆಗೆ ಮೂಲೆಯ ಸ್ಪೀಕರಿನಿಂದ ಆಟ ನಡೆಸುವವನ ದನಿ ಬಂತು. “ಸರ್, ಫೋಟೋ ತೆಗೆದು ನೋಡಿ.”

“ಅದ್ ತೆಗೂಕಾಗ” ಎಂದರು ಬೈಂಡಿಂಗಿನ ಅಣ್ಣ.

“ಸರ್, ಅದು ಆಟದ್ದು.”

“ಎಂತದೇ ಆಯ್ಲಿ. ಸತ್ತವ್ರನ್ನ್ ಗೋಡೆಯಿಂದ ಇಳ್ಸೂ ಕ್ರಮ ನಮ್ಮಲ್ಲಿ ಇಲ್ಲೆ.”

ಪ್ರೂಫಿನ ಅಕ್ಕ ಅವರ ತೋಳಿನ ಬದಿಯಿಂದ ಇಣುಕಿದರು. “ಪಾಪ, ಸಕ್ರೆ ಕಾಯ್ಲೆ ಇದ್ದವ್ರಂಗೆ ಕಾಂತ್ರ್.”

“ಬಿಪಿಯೂ ಇದ್ದಿಕ್ಕ್” ಎಂದ ಮಶೀನಿನವನು.

ಯಾರಿಗೂ ಪರಿಚಯವಿಲ್ಲದ ಆ ಅಜ್ಜನಿಗಾಗಿ ಎಲ್ಲರೂ ಲೊಚಗುಟ್ಟಿದರು. ಆಮೇಲೆ ಮೆಲ್ಲಗೆ ನನ್ನ ಕಡೆ ನೋಡಿದರು. ಗಡಿಯಾರದಲ್ಲಿ ಐದು ನಿಮಿಷ ಉಳಿದಿತ್ತು. ನಾನು ಎದ್ದೆ.

“ಅಣ್ಣ, ಬದಿಗೆ ನಿಲ್ಲಿ.”

“ನೀವ್ ಬ್ಯಾಡ ಮಾರಾಯ್ರೆ.”

“ಒಳಗೆ ಬಪ್ಪತಿಗೇ ಫೋಟೋ ಕಂಡಾಯ್ತ್. ನಿಲ್ಲಿ ಬದಿಗೆ.”

ಹಾರ ತೆಗೆದು ತೋಳಿಗೆ ಹಾಕಿಕೊಂಡೆ. ಫೋಟೋ ಇಳಿಸಿದೆ. ಹಿಂದೆ ಬೀಗದ ಕೈಯನ್ನು ಟೇಪಿನಿಂದ ಅಂಟಿಸಿದ್ದರು.

ಹೊರಗೆ ಜಗಲಿಯಲ್ಲಿ ಊಟಕ್ಕೆ ಕೂತೆವು. ಬಂಗುಡೆ ಸಾರಿನ ಪಾತ್ರೆ ಹಿಡಿದು ಬಡಿಸಲು ಬಂದವರು ಅದೇ ಅಜ್ಜ. ಪ್ರೂಫಿನ ಅಕ್ಕ ಬಾಳೆಲೆಯ ಮುಂದಿನಿಂದ ಎದ್ದೇಬಿಟ್ಟರು.

“ಕೂಕಣಿ, ಕೂಕಣಿ” ಎಂದರು ಅಜ್ಜ. “ನನ್ನನ್ನ್ ಇಳ್ಸಿದ್ದ್ ಯಾರ್?”

“ನಾನು” ಎಂದೆ.

“ನಿಮ್ಗ್ ಒಳ್ಳೇದಾಯ್ಲಿ. ಬಂದವ್ರೆಲ್ಲ ಕೈ ಮುಗ್ಕಂಡೇ ಒಂದ್ ಗಂಟೆ ಕಳೀತ್ರ್. ಕಡಿಗೆ ಒಲೆ ಬಿಟ್ಟ್ ನಾನೇ ಹೋಯಿ ಬಾಗ್ಲ್ ತೆಗೀಕ್.”

“ಮನೆಯವ್ರ್ ಎಂತ ಹೇಳ್ಲಿಲ್ಯಾ?” ಅಕ್ಕ ಇನ್ನೂ ನಿಂತೇ ಇದ್ದರು.

“ಹೆಂಡ್ತಿ ಹಾರ ಕಂಡದ್ದೇ ಮಾತ್ ಬಿಟ್ಳ್. ಎರಡ್ ತಿಂಗ್ಳಾಯ್ತ್. ಸತ್ತ ಮೇಲೇ ನಂಗೆ ಮನೇಲಿ ನೆಮ್ಮದಿ.”

ನಾನು ನಕ್ಕೆ, ಜೋರಾಗಿಯೇ. ಮೂರು ಜನರ ಕೈ ಅನ್ನದಲ್ಲೇ ನಿಂತಿತು. ಏನಾಯಿತೋ ಎಂಬ ಹಾಗೆ ನನ್ನನ್ನೇ ನೋಡಿದರು. ಆಮೇಲೆ ಬೈಂಡಿಂಗಿನ ಅಣ್ಣನಿಗೆ ನಗಲು ಹೋಗಿ ಸಾರು ನೆತ್ತಿಗೆ ಹತ್ತಿತು.

ಬಸ್ಸಿಗೆ ಕಾಯುವಾಗ ಬೈಂಡಿಂಗಿನ ಅಣ್ಣನಿಗೆ ಹೇಳಿದೆ, “ನಾಳೆಯಿಂದ ಉತ್ತರಕ್ರಿಯೆ ಕಾರ್ಡೂ ನಂಗೇ ಕೊಡಿ.” ಅವರು ರಸ್ತೆ ನೋಡುತ್ತಾ, “ಅಕ್ಕ್” ಎಂದರು, ಆಗಬಹುದು ಎಂಬ ಹಾಗೆ.

ಮನೆಗೆ ಬಂದವನೇ ಕಪಾಟಿನ ಹಿಂದಿನ ಪೇಪರ್ ಬಿಚ್ಚಿದೆ. ಹಾರ ಇರಲಿಲ್ಲ, ಅದು ವರ್ಷಾಂತಿಕದ ದಿನಕ್ಕಾಯಿತು. ಮೊಳೆ ಮನೆಯಲ್ಲೇ ಇತ್ತು. ಹೊಡೆದು, ಫೋಟೋ ಹಾಕಿ, ಹಿಂದೆ ಸರಿದು ನೋಡಿದರೆ ಒಂದು ಕಡೆಗೆ ವಾಲಿದಂತೆ ಕಂಡಿತು. ಸರಿಮಾಡಿದೆ. ಆಗಲೂ ಹಾಗೇ. ಮೊಳೆ ಕಿತ್ತು ಸ್ವಲ್ಪ ಆಚೆ ಹೊಡೆದೆ. ಅಲ್ಲಿಯೂ ಅಷ್ಟೆ. ಮೂರನೆಯ ಸಲ ಸುತ್ತಿಗೆ ಎತ್ತಿದಾಗ ಅವಳ ಇಳಿದ ಹೆಗಲು ಕಂಡು ಪಾಯಸದ ಬಕೆಟಿನ ನೆನಪಾಯಿತು. ಸುತ್ತಿಗೆ ಕೆಳಗಿಟ್ಟೆ.